ಬೆಳಕಿಂಡಿ: ರಚನೆ ಮತ್ತು ದುರಸ್ತಿ

ಬೆಳಕಿಂಡಿ ಎಂದರೆ ಬೆಳಕು ಒಳಗೆ ಬರಲು, ಹೊಗೆ ಮತ್ತು ಬಿಸಿಗಾಳಿ ಹೊರಗೆ ಹೋಗಲು ಛಾವಣಿಯಲ್ಲಿ ಬಿಟ್ಟ, ಬೇಕೆಂದಾಗ ತೆರೆದು ಬೇಡವಾದಾಗ ಮುಚ್ಚಬಹುದಾದ ಕಿಂಡಿ. ಕಲ್ಯಾಣ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಇದು ವಾಡಿಕೆಯ ಅಂಗ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಇದರ ನೆಲೆ ಹಳೆಯ ಮಾಳಿಗೆ ಮನೆಗಳೇ. ತಗಡಿನ ಶೆಡ್ಡು, ಕಾಂಕ್ರೀಟ್ ಮನೆ, ಬಸ್ಸು, ಕ್ಯಾರವಾನ್ ವಾಹನಗಳ ಛಾವಣಿಯಲ್ಲೂ ಇದೇ ಕೆಲಸದ ಕಿಂಡಿಗಳಿವೆ. ಮುಚ್ಚಳ ಒಡೆದದ್ದು ಕಣ್ಣಿಗೆ ಬೇಗ ಬೀಳುತ್ತದೆ. ಆದರೆ ಸೋರಿಕೆಯ ಮೂಲ ಬಹುಪಾಲು ಕಿಂಡಿಯ ಅಂಚು ಛಾವಣಿಯನ್ನು ಕೂಡುವ ಸಂದಿನಲ್ಲಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ದುರಸ್ತಿಯ ಭಾಗಕ್ಕೆ ಹೆಚ್ಚಿನ ಜಾಗ ಕೊಡಲಾಗಿದೆ.

ಪರಿಭಾಷೆ

ಬೆಳಕಿಂಡಿಗೆ ಗವಾಕ್ಷಿ ಎಂಬ ಹೆಸರೂ ಬಳಕೆಯಲ್ಲಿದೆ. ದೇವಾಲಯದ ಶಿಖರ, ಕಪೋತಗಳ ಮೇಲೆ ಕೆತ್ತುವ ಲಾಳಾಕಾರದ ಗವಾಕ್ಷ ಬೇರೆ. ಅದು ಅಲಂಕಾರ, ಛಾವಣಿಯ ತೂತಲ್ಲ. ಇಲ್ಲಿ ಕಿಂಡಿಯ ಮೇಲ್ತುದಿಯನ್ನು ಬಾಯಿ ಎಂದೂ, ಛಾವಣಿಯ ದಪ್ಪವನ್ನು ಹಾದು ಕೋಣೆಗೆ ಇಳಿಯುವ ಭಾಗವನ್ನು ಕೊರಳು ಎಂದೂ, ಬಾಯಿಯ ಸುತ್ತ ಮಾಳಿಗೆಯ ಮಟ್ಟಕ್ಕಿಂತ ಎತ್ತರಿಸಿದ ಅಂಚನ್ನು ಕಟ್ಟೆ ಎಂದೂ, ಮೇಲೆ ಹೊದಿಸುವ ವಸ್ತುವನ್ನು ಮುಚ್ಚಳ ಎಂದೂ ಕರೆಯಲಾಗಿದೆ. ವಾಹನದ ಕಿಂಡಿಗೂ ಇವೇ ಹೆಸರುಗಳನ್ನು ಬಳಸಿದೆ.

ಮೂಲ

ಛಾವಣಿಯಲ್ಲಿ ತೂತು ಬಿಡುವ ಪದ್ಧತಿ ಗೋಡೆಯ ಕಿಟಕಿಗಿಂತ ಈಚಿನದೇನಲ್ಲ. ಇಂದಿನ ಟರ್ಕಿ ದೇಶದ ಚಾತಾಲ್‌ಹ್ಯೂಕ್‌ನಲ್ಲಿ ಸುಮಾರು 9,000 ವರ್ಷಗಳ ಹಿಂದೆ ಒಂದಕ್ಕೊಂದು ಅಂಟಿಕೊಂಡು ಕಟ್ಟಿದ ಮಣ್ಣಿನ ಮನೆಗಳಿಗೆ ಬೀದಿಯ ಕಡೆ ಬಾಗಿಲೇ ಇರಲಿಲ್ಲ. ಮಾಳಿಗೆಯ ತೆರಪಿನಿಂದಲೇ ಏಣಿ ಇಳಿದು ಒಳಗೆ ಹೋಗುತ್ತಿದ್ದರು, ಒಲೆಯ ಹೊಗೆಯೂ ಅದೇ ದಾರಿಯಲ್ಲಿ ಹೊರಬೀಳುತ್ತಿತ್ತು. ರೋಮ್ ನಗರದ ಪ್ಯಾಂಥಿಯನ್ ಗುಮ್ಮಟದ ನೆತ್ತಿಯಲ್ಲಿ ಮುಚ್ಚಳವಿಲ್ಲದ ದೊಡ್ಡ ದುಂಡು ಕಿಂಡಿ ಇಂದಿಗೂ ತೆರೆದೇ ಇದೆ. ಮಂಗೋಲಿಯದ ಅಲೆಮಾರಿಗಳ ಗೆರ್ ಎಂಬ ಮನೆಯನ್ನು ಬಿಚ್ಚಿ ಒಯ್ಯುವಾಗ ನೆತ್ತಿಯ ಮರದ ಬಳೆಯನ್ನೂ ಜತೆಗೆ ಹೊತ್ತೊಯ್ಯುತ್ತಾರೆ. ಟೂನೊ ಎಂಬ ಆ ಬಳೆಯೇ ಅದರ ಬೆಳಕಿಂಡಿ. ಸಾಗುವ ಮನೆಗೆ ಛಾವಣಿ ಕಿಂಡಿ ಇರಿಸಿದ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು.

ಕೃಷ್ಣಾ–ತುಂಗಭದ್ರಾ ನಡುವಿನ ಸೀಮೆಯಲ್ಲಿ ಮನೆ ಕಟ್ಟುವ ಇತಿಹಾಸ ನವಶಿಲಾಯುಗದಷ್ಟು ಹಿಂದಕ್ಕೆ ಹೋಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳ, ತುಂಗಭದ್ರೆಯ ಆಚೆ ದಂಡೆಯ ಸಿರುಗುಪ್ಪ ಸೀಮೆಯ ತೆಕ್ಕಲಕೋಟೆ ಈ ಕಾಲದ ಪ್ರಮುಖ ನೆಲೆಗಳು. ತೆಕ್ಕಲಕೋಟೆಯ ಉತ್ಖನನದಲ್ಲಿ ದೊರೆತದ್ದು ದುಂಡು ಗುಡಿಸಲುಗಳ ಕುರುಹು. ಚಪ್ಪಟೆ ಮಾಳಿಗೆಯ ಚೌಕ ಮನೆ ಆಮೇಲಿನ ಬೆಳವಣಿಗೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸಿನ ಮಳೆ, 40 ಡಿಗ್ರಿ ದಾಟುವ ಬೇಸಿಗೆ, ಹೇರಳವಾದ ಕಲ್ಲು, ವಿರಳವಾದ ಕಾಡು ಇರುವಲ್ಲಿ ಇಳಿಜಾರು ಹುಲ್ಲು ಛಾವಣಿಗಿಂತ ದಪ್ಪ ಮಣ್ಣಿನ ಮಾಳಿಗೆ ಹೆಚ್ಚು ಹೊಂದುತ್ತದೆ. ಊರೊಳಗಿನ ಮನೆಗಳು ಅಕ್ಕಪಕ್ಕದ ಗೋಡೆ ಹಂಚಿಕೊಂಡಿರುತ್ತವೆ. ಕಳ್ಳಕಾಕರ ಭಯಕ್ಕೆ ಬೀದಿ ಗೋಡೆಗೂ ಕಿಟಕಿ ಬಿಡುತ್ತಿರಲಿಲ್ಲ, ಬಿಟ್ಟರೂ ಚಿಕ್ಕದು. ಹೀಗಾಗಿ ಬೆಳಕಿಗೆ ಉಳಿದ ದಾರಿ ನೆತ್ತಿಯದೊಂದೇ.

ರಚನೆ

ಮಾಳಿಗೆಯ ಭಾರ ಕಂಬ, ಬೋದಿಗೆ, ತೊಲೆಗಳ ಮೇಲೆ ನಿಲ್ಲುತ್ತದೆ. ತೊಲೆಗಳ ಮೇಲೆ ಅಡ್ಡಲಾಗಿ ಜಂತಿಗಳು. ಉಳ್ಳವರ ಮನೆಯಲ್ಲಿ ಸಾಗವಾನಿ, ಉಳಿದವರಲ್ಲಿ ಬೇವು ಅಥವಾ ಜಾಲಿ. ಜಂತಿಗಳ ಮೇಲೆ ಹಲಗೆ ಇಲ್ಲವೆ ತೊಗರಿ ಕಟ್ಟಿಗೆಯಂಥ ಸಣ್ಣ ಕಡ್ಡಿಗಳ ಹಾಸು, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಕಲಸಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಒಟ್ಟು ದಪ್ಪ ಸಾಮಾನ್ಯವಾಗಿ ಒಂದು ಅಡಿಗೆ ಕಡಿಮೆಯಿಲ್ಲ. ನೀರು ಇಳಿದುಹೋಗಲು ಮಾಳಿಗೆಗೆ ಅಲ್ಪ ಓಟ ಕೊಟ್ಟು ಕುಂಬಿಯಲ್ಲಿ ಹರನಾಳಿಗೆ ಇಡುತ್ತಾರೆ.

ಸವಳು ಮಣ್ಣಿನ ಗುಣ ಇಲ್ಲಿ ಮುಖ್ಯ. ಅದರಲ್ಲಿನ ಸೋಡಿಯಂ ಜೇಡಿಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮೊದಲ ಹನಿಗಳು ಬಿದ್ದಾಗ ಈ ಸಣ್ಣ ಕಣಗಳು ಉಬ್ಬಿ ರಂಧ್ರಗಳನ್ನು ತುಂಬುತ್ತವೆ, ಮುಂದಿನ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಹೊಲಕ್ಕೆ ಸವಳು–ಜವಳು ಹತ್ತಿದರೆ ರೈತರಿಗೆ ನಷ್ಟ. ನೀರನ್ನು ಒಳಗೆ ಬಿಡದ ಆ ಗುಣವೇ ಮಾಳಿಗೆಗೆ ರಕ್ಷೆ. ಇದೇ ಸೀಮೆಯ ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ಆದ್ದರಿಂದ ಮೇಲು ಹೊದಿಕೆಗೆ ಬರುವುದಿಲ್ಲ.

ಎರಡು ಜಂತಿಗಳ ನಡುವೆ ಅಡ್ಡ ತುಂಡುಗಳನ್ನು ಕೂಡಿಸಿ ಚೌಕಟ್ಟು ಮಾಡಿದಲ್ಲಿ ಬೆಳಕಿಂಡಿ ಹುಟ್ಟುತ್ತದೆ. ಜಂತಿಯನ್ನು ಕತ್ತರಿಸದೆ ಅದರ ನಡುವಿನ ಜಾಗದಲ್ಲೇ ಕಿಂಡಿ ಬಿಡುವುದು ಒಳ್ಳೆಯ ಕೆಲಸದ ಲಕ್ಷಣ. ಬಾಯಿ ಒಂದಡಿ ಚೌಕ ಇಲ್ಲವೆ ಅದಕ್ಕಿಂತ ಸ್ವಲ್ಪ ಹೆಚ್ಚು. ಕೊರಳಿನ ಒಳಮೈಗೆ ಮಣ್ಣು ಮೆತ್ತಿ ಸುಣ್ಣ ಬಳಿಯುತ್ತಾರೆ. ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿ ಇಟ್ಟರೆ ಬೆಳಕು ಹರಡುತ್ತದೆ. ಬಾಯಿಯ ಸುತ್ತ ಕಲ್ಲು ಅಥವಾ ಇಟ್ಟಿಗೆಯ ಕಟ್ಟೆ, ಕೆಲವು ಕಡೆ ಅಡ್ಡಲಾಗಿ ಕಬ್ಬಿಣದ ಸರಳು. ಸರಳು ಬಂದದ್ದು ಕಳ್ಳರಿಗಾಗಿ, ಬೆಕ್ಕಿಗೂ ತಡೆಯಾಯಿತು.

ಕೆಲಸ ಮಾಡುವ ಬಗೆ

ಕೋಣೆಯ ಬಿಸಿಗಾಳಿ ಹಗುರವಾಗಿ ಮೇಲಕ್ಕೇರಿ ಕಿಂಡಿಯಿಂದ ಹೊರಬೀಳುತ್ತದೆ, ಬಾಗಿಲಿನಿಂದ ತಂಪು ಗಾಳಿ ಒಳಬರುತ್ತದೆ. ಕಿಂಡಿ 30 ಸೆಂಟಿಮೀಟರ್ ಚೌಕವಿದ್ದು, ಬಾಗಿಲಿಗಿಂತ 3 ಮೀಟರ್ ಮೇಲಿದ್ದು, ಒಳಗಿನ ಗಾಳಿ ಹೊರಗಿಗಿಂತ 5 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಬಾಗಿಲು ತೆರೆದಿರುವಾಗ ಗಂಟೆಗೆ ಸುಮಾರು 190 ಘನ ಮೀಟರ್ ಗಾಳಿ ಸಾಗುತ್ತದೆ ಎಂದು ಲೆಕ್ಕ ಬರುತ್ತದೆ. ಒಲೆ ಉರಿಯುವ ಹೊತ್ತಿನಲ್ಲಿ ಇದು ಇನ್ನೂ ಹೆಚ್ಚು. ಬೇಸಿಗೆಯ ಮಧ್ಯಾಹ್ನ ಹೊರಗಿನ ಗಾಳಿಯೇ ಒಳಗಿಗಿಂತ ಬಿಸಿಯಾಗಿದ್ದಾಗ ಹರಿವು ತಿರುವುಮುರುವಾಗುತ್ತದೆ: ತಂಪು ಗಾಳಿ ಬಾಗಿಲಿನಿಂದ ಜಾರಿಹೋಗಿ ಕಾದ ಗಾಳಿ ಕಿಂಡಿಯಿಂದ ಇಳಿಯುತ್ತದೆ. ಹೀಗಾಗಿ ಏಪ್ರಿಲ್, ಮೇ ತಿಂಗಳ ನಡುಹಗಲಲ್ಲಿ ಒಲೆ ಆರಿದ ಮೇಲೆ ಮುಚ್ಚಿ, ಸಂಜೆ ತೆರೆಯುವುದೇ ಸರಿಯಾದ ಕ್ರಮ.

ಬೆಳಕಿನ ಲೆಕ್ಕ ಕೊರಳಿನ ಆಳವನ್ನು ಅವಲಂಬಿಸಿದೆ. ಸಿಂಧನೂರು ಸೀಮೆ ಸುಮಾರು 15.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದಲ್ಲೊಮ್ಮೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಬಾಯಿಯ ಅಳತೆಯ ಬಿಸಿಲಿನ ಚೌಕ ನೇರ ಕೆಳಗಿನ ನೆಲದ ಮೇಲೆ ಬೀಳುತ್ತದೆ. ಬಾಯಿ 30 ಸೆಂಟಿಮೀಟರ್, ಮೇಲಿಂದ ಕೆಳಗೆ ಒಂದೇ ಅಗಲದ ಕೊರಳು ಕಟ್ಟೆಯೂ ಸೇರಿ 45 ಸೆಂಟಿಮೀಟರ್ ಇದ್ದು, ಕಿಂಡಿ ದಿಕ್ಕಿಗೆ ಸರಿಯಾಗಿದ್ದರೆ, ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ನೇರ ಬಿಸಿಲು ಕೋಣೆಗೆ ಇಳಿಯುವುದೇ ಇಲ್ಲ. ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಕಿರಣ ಕೊರಳಿನ ಉತ್ತರ ಮೈಗೆ ತಾಗಿ ನಿಲ್ಲುತ್ತದೆ. ಆ ದಿನಗಳಲ್ಲಿ ಕೋಣೆಗೆ ಸಿಗುವುದು ಬಹುಪಾಲು ಸುಣ್ಣದ ಮೈಯಿಂದ ಪುಟಿದ ಬೆಳಕು. ಮಸಿ ಹಿಡಿದ ಕೊರಳಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದನ್ನು ಆದ್ದರಿಂದ ದುರಸ್ತಿಯ ಭಾಗವೆಂದೇ ಎಣಿಸಬೇಕು.

ಬಗೆಗಳು

ಮುಚ್ಚಳದಿಂದ ಬಗೆ ಗುರುತಿಸುವುದು ಸುಲಭ. ತಳ ಒಡೆದ ಹಳೆಯ ಗಡಿಗೆ ಅಥವಾ ಕೊಡವನ್ನು ಬಾಯಿಯ ಮೇಲೆ ಕೂರಿಸಿ, ಮಳೆ ಬಂದಾಗ ಅದರ ಮೇಲೊಂದು ಕಲ್ಲು ಇಡುವುದು ಅತಿ ಸರಳವಾದದ್ದು. ಶಹಾಬಾದ್ ಕಲ್ಲಿನ ಪರ್ಸಿಯನ್ನು ಕಟ್ಟೆಯ ಮೇಲೆ ಜರುಗಿಸಿ ತೆರೆದು ಮುಚ್ಚುವುದು ಇನ್ನೊಂದು. ತಗಡು, ಗಾಜು, ಈಚೆಗೆ ಪಾರದರ್ಶಕ ಫೈಬರ್ ಶೀಟು ಇವುಗಳ ಜಾಗಕ್ಕೆ ಬಂದಿವೆ. ಕರಾವಳಿ, ಮಲೆನಾಡುಗಳಲ್ಲಿ ಬೆಳಕಿಂಡಿಯ ಕೆಲಸವನ್ನು ಗಾಜಿನ ಹೆಂಚು ಮಾಡುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅಚ್ಚಿನ ಹೆಂಚಿನ ಛಾವಣಿ ಹರಡಿತು, ಒಂದು ಹೆಂಚು ತೆಗೆದು ಅದೇ ಅಳತೆಯ ಗಾಜಿನದನ್ನು ಕೂರಿಸುವ ಅನುಕೂಲವೂ ಅದರೊಂದಿಗೆ ಬಂತು. ಅಕ್ಕಿ ಗಿರಣಿ, ಗೋದಾಮುಗಳ ತಗಡಿನ ಛಾವಣಿಗೆ ಗಾಳಿಗೆ ತಿರುಗುವ ಟರ್ಬೊ ವೆಂಟಿಲೇಟರ್ ಹಾಕುತ್ತಾರೆ.

ಹೊಗೆಗಾಗಿಯೇ ಇಡುವ ಕೊಳವೆ ಬೇರೆ ಬಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಹಳ್ಳಿಗಳಿಗೆ ಬಂದಾಗ ಅದರ ಹೊಗೆಕೊಳವೆಗೆ ಛಾವಣಿಯಲ್ಲಿ ದಾರಿ ಬೇಕಾಯಿತು. ಬೆಳಕಿಂಡಿಯಿಂದಲೇ ಕೊಳವೆ ಹಾಯಿಸಿದರೆ ಬೆಳಕು ತಪ್ಪುತ್ತದೆ. ಬೇರೆ ತೂತು ಹೊಡೆದರೆ ಸೋರುವ ಜಾಗ ಇನ್ನೊಂದು ಹೆಚ್ಚುತ್ತದೆ.

ಕೆಡುವ ಬಗೆ

ಮಣ್ಣು ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಕಲ್ಲಿನ ಕಟ್ಟೆ ಹಾಗೆ ಮಾಡುವುದಿಲ್ಲ. ಮರದ ಚೌಕಟ್ಟು ತನ್ನದೇ ರೀತಿಯಲ್ಲಿ ಬಾಗುತ್ತದೆ. ಈ ಮೂರರ ನಡುವಿನ ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ಇಳಿದು ಸೊಪ್ಪು, ಕಡ್ಡಿಗಳ ಪದರವನ್ನು ಕೊಳೆಸುತ್ತದೆ. ಕೊಳೆತ ಪದರ ಕುಸಿದಾಗ ಬಾಯಿಯ ಸುತ್ತ ತಗ್ಗು ಬಿದ್ದು ಮಾಳಿಗೆಯ ನೀರೆಲ್ಲ ಹರನಾಳಿಗೆಯ ಬದಲು ಕಿಂಡಿಯತ್ತ ಓಡುತ್ತದೆ. ಕೆಳಗಿನಿಂದ ಕಾಣುವ ಗುರುತುಗಳು: ಕೊರಳಿನ ಸುಣ್ಣದ ಮೇಲೆ ಕಂದು ಗೆರೆ, ಜಂತಿಯ ತುದಿಯಲ್ಲಿ ಕಪ್ಪು ಕಲೆ, ಗೋಡೆಗುಂಟ ಹತ್ತಿದ ಗೆದ್ದಲಿನ ಮಣ್ಣುದಾರಿ. ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ತಿಳಿಯಬಾರದು. ನೀರು ಜಂತಿಯುದ್ದಕ್ಕೂ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಮಾಳಿಗೆಯ ಮೇಲೆ ಬೆಳೆಯಗೊಟ್ಟ ಹುಲ್ಲಿನ ಬೇರು, ಇಲಿ ತೋಡಿದ ಬಿಲ ಇನ್ನೆರಡು ಕಾರಣ.

ಮಣ್ಣಿನ ಮಾಳಿಗೆಯಲ್ಲಿ ದುರಸ್ತಿ

ಕೆಲಸಕ್ಕೆ ಕಾಲ ಯುಗಾದಿಯಿಂದ ರೋಹಿಣಿ ಮಳೆಯ ಒಳಗೆ. ಮಾಳಿಗೆಗೆ ಮಣ್ಣು ಹಾಕುವ ವಾರ್ಷಿಕ ಕೆಲಸವೂ ಇದೇ ದಿನಗಳಲ್ಲಿ ನಡೆಯುತ್ತದೆ. ನೆನೆದ ಮಾಳಿಗೆಯ ಮೇಲೆ ಹತ್ತುವುದು ಅಪಾಯ; ಒಣಗಿದಾಗಲೂ ಕಿಂಡಿಯ ಅಂಚಿನಲ್ಲಿ ನಿಲ್ಲದೆ ಜಂತಿಗಳಿಗೆ ಅಡ್ಡಲಾಗಿ ಹಲಗೆ ಹಾಕಿ ಅದರ ಮೇಲೆ ಕೂತು ಕೆಲಸ ಮಾಡಬೇಕು.

ಮೊದಲು ಮುಚ್ಚಳ ಎತ್ತಿ, ಬಾಯಿಯ ಸುತ್ತ ಒಂದು ಮೊಳದಷ್ಟು ಅಗಲಕ್ಕೆ ಹಳೆಯ ಮಣ್ಣನ್ನು ಗಟ್ಟಿ ಪದರ ಸಿಗುವವರೆಗೆ ಕೆರೆದು ತೆಗೆಯಬೇಕು. ಕೆರೆಯದೆ ಮೇಲೆ ಹೊಸ ಮಣ್ಣು ಸುರಿಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಒಂದು ಅಂಗುಲ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ. ಹೀಗೆ ಹತ್ತು ವರ್ಷ ಹಾಕುತ್ತ ಬಂದರೆ, ಮಳೆಗೆ ಕೊಚ್ಚಿಹೋದದ್ದನ್ನು ಬಿಟ್ಟರೂ, ಜಂತಿಗಳ ಮೇಲೆ ಅವು ತಾಳಲಾರದ ಹೊರೆ ಕೂರುತ್ತದೆ. ಮಾಳಿಗೆ ಕುಸಿದು ಜನ ಸಾಯುವ ಪ್ರಕರಣಗಳ ಹಿಂದೆ ನೀರಿನಷ್ಟೇ ಈ ಕೂಡಿಟ್ಟ ಭಾರವೂ ಇರುತ್ತದೆ.

ಕೆರೆದ ಮೇಲೆ ಚೌಕಟ್ಟನ್ನು ಪರೀಕ್ಷಿಸಬೇಕು. ಮೊನೆಯಾದ ಕಬ್ಬಿಣ ಸಲೀಸಾಗಿ ಒಳಗಿಳಿದರೆ ಮರ ಸತ್ತಿದೆ ಎಂದರ್ಥ. ಅಡ್ಡ ತುಂಡು ಮಾತ್ರ ಕೆಟ್ಟಿದ್ದರೆ ಬದಲಿಸಬಹುದು. ಜಂತಿಯ ತುದಿ ಕೊಳೆತಿದ್ದರೆ ಕೆಳಗೆ ಆನಿಕೆ ಕೊಟ್ಟು, ಪಕ್ಕದಲ್ಲಿ ಹೊಸ ಜಂತಿ ಸೇರಿಸಿದ ನಂತರವೇ ಮುಂದುವರಿಯಬೇಕು. ಕಡ್ಡಿ, ಸೊಪ್ಪಿನ ಪದರವನ್ನು ಹೊಸದಾಗಿ ಹಾಸಬೇಕು.

ಕಟ್ಟೆಯ ಮಣ್ಣಿಗೆ ಭತ್ತದ ಹುಲ್ಲಿನ ಸಣ್ಣ ಚೂರು ಅಥವಾ ಜೋಳದ ಹೊಟ್ಟು ಬೆರೆಸಿ, ನೀರು ಹಾಕಿ, ಕೆಲವು ದಿನ ಕೊಳೆಯಲು ಬಿಟ್ಟು ತುಳಿಯುತ್ತಾರೆ. ನಾರು ಬಿರುಕನ್ನು ತಡೆಯುತ್ತದೆ. ಈ ಮಣ್ಣಿನಲ್ಲಿ ಇಟ್ಟಿಗೆ ಅಥವಾ ಚಪ್ಪಟೆ ಕಲ್ಲು ಕೂರಿಸಿ ಕಟ್ಟೆಯನ್ನು ಮಾಳಿಗೆಯ ಮಟ್ಟಕ್ಕಿಂತ ಕನಿಷ್ಠ ಅರ್ಧ ಅಡಿ ಎತ್ತರಿಸಬೇಕು. ಕಟ್ಟೆಯ ಹೊರಮೈ ಬುಡದಲ್ಲಿ ಚೂಪು ಮೂಲೆ ಉಳಿಯಬಾರದು. ಅಲ್ಲಿ ಮಣ್ಣು ಒತ್ತಿ ಅಂಗೈ ಬೆನ್ನಿನಿಂದ ಸವರಿ ಇಳಿಜಾರಾಗಿಸಿದರೆ ನೀರು ನಿಲ್ಲದೆ ಜಾರುತ್ತದೆ. ಇಡೀ ದುರಸ್ತಿಯ ಜೀವ ಈ ಒಂದು ಇಳಿಜಾರಿನಲ್ಲಿದೆ. ಅದು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಒದ್ದೆ ಗೋಣಿಚೀಲ ಹೊದಿಸಿದರೆ ಬಿರುಕು ಕಡಿಮೆ. ಮೇಲೆ ಒಣ ಸವಳು ಮಣ್ಣನ್ನು ಎರಡು ಬೆರಳು ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ, ಬಡಿದು ಕೂರಿಸುತ್ತಾರೆ. ಕೊನೆಗೆ ಕಟ್ಟೆಯ ಸುತ್ತ ನಾಲ್ಕಾರು ಕೊಡ ನೀರು ನಿಧಾನವಾಗಿ ಸುರಿದು, ಒಬ್ಬರು ಕೆಳಗೆ ನಿಂತು ಕೊರಳನ್ನು ನೋಡಬೇಕು.

ಬಿರುಕಿಗೆ ಸಿಮೆಂಟ್ ಮೆತ್ತುವುದು ಬಾಳುವುದಿಲ್ಲ. ಬಿಗಿಯಾದ ಸಿಮೆಂಟು ಉಬ್ಬಿ ಕುಗ್ಗುವ ಮಣ್ಣಿನ ಜತೆ ಹೋಗದೆ ಒಂದೆರಡು ಮಳೆಗಾಲದಲ್ಲಿ ಸಿಡಿಯುತ್ತದೆ. ಅದರಡಿ ಇಳಿದ ನೀರು ಬೇಗ ಆರುವುದೂ ಇಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿನ ಪದರಗಳ ನಡುವೆ ಹಾಸುವ ರೂಢಿ ಈಚಿನದು. ಹಾಳೆಯನ್ನು ಕಿಂಡಿಯ ಬಳಿ ಕತ್ತರಿಸಿ ಬಿಡದೆ ಕಟ್ಟೆಯ ಮೇಲಕ್ಕೆ ಮಡಚಿದರೆ ಮಾತ್ರ ಪ್ರಯೋಜನ.

ತಗಡು ಮತ್ತು ಕಾಂಕ್ರೀಟ್ ಛಾವಣಿ

ತಗಡಿನ ಛಾವಣಿಯಲ್ಲಿ ಸೋರುವುದು ಬೋಲ್ಟಿನ ತೂತು ಮತ್ತು ಹಾಳೆಗಳು ಒಂದರ ಮೇಲೊಂದು ಬರುವ ಜಾಗ. ಬೆಳಕಿನ ಫೈಬರ್ ಶೀಟನ್ನು ಬದಲಿಸುವಾಗ ಅದರ ಮೇಲ್ತುದಿ ಮೇಲಿನ ತಗಡಿನ ಅಡಿಗೂ, ಕೆಳತುದಿ ಕೆಳಗಿನ ತಗಡಿನ ಮೇಲಕ್ಕೂ ಬರಬೇಕು. ಜೆ ಬೋಲ್ಟುಗಳನ್ನು ಅಲೆಯ ತಗ್ಗಿನಲ್ಲಿ ಹಾಕದೆ ಉಬ್ಬಿನಲ್ಲೇ ಹಾಕಿ, ಒಣಗಿ ಸೀಳಿದ ವಾಷರುಗಳನ್ನು ಬದಲಿಸಬೇಕು. ಕಲ್ನಾರು ಸಿಮೆಂಟ್ ಶೀಟುಗಳನ್ನು ಗರಗಸದಿಂದ ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅವುಗಳಲ್ಲಿ ಹೊಸ ಕಿಂಡಿ ತೆರೆಯದಿರುವುದೇ ಲೇಸು. ಕಾಂಕ್ರೀಟ್ ಛಾವಣಿಯಲ್ಲಿ ಕಿಂಡಿ ಬೇಕಿದ್ದರೆ ಸೆಂಟ್ರಿಂಗ್ ಹಂತದಲ್ಲೇ ಬಿಡಬೇಕು. ಆಮೇಲೆ ಒಡೆದರೆ ಒಳಗಿನ ಕಬ್ಬಿಣ ತುಂಡಾಗುತ್ತದೆ.

ವಾಹನಗಳಲ್ಲಿ

ಬಸ್ಸಿನ ಛಾವಣಿಯ ಕಿಂಡಿ ಗಾಳಿಗೂ ಅಪಘಾತದಲ್ಲಿ ಹೊರಬರುವುದಕ್ಕೂ ಬೇಕಾದದ್ದು. ಭಾರತದಲ್ಲಿ ಬಸ್ ಕವಚದ ಮಾನಕ ಎಐಎಸ್ 052. ಮಲಗುವ, ಅಡುಗೆ ಮಾಡುವ ವ್ಯವಸ್ಥೆಯುಳ್ಳ ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಬೇರೆ ಮಾನಕವಿದೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸವನ್ನು ಪ್ರೋತ್ಸಾಹದ ಪಟ್ಟಿಗೆ ಸೇರಿಸಿತು.

ಕ್ಯಾರವಾನಿನ ಕಿಂಡಿ ಹೆಚ್ಚಾಗಿ 14 ಅಂಗುಲ ಚೌಕ, ಎಂದರೆ ಮಾಳಿಗೆಯ ಬೆಳಕಿಂಡಿಗೆ ಹತ್ತಿರದ ಅಳತೆ. ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಪೆಡಸಾಗಿ ಆಲಿಕಲ್ಲು, ಮರದ ಕೊಂಬೆ ಅಥವಾ ತೆರೆದಿಟ್ಟೇ ಓಡಿಸಿದಾಗಿನ ಗಾಳಿಗೆ ಒಡೆಯುತ್ತದೆ. ಮುಚ್ಚಳ ಮಾತ್ರ ಹೋಗಿದ್ದರೆ ಅದೇ ಬಗೆಯ ಕೀಲು ಇರುವ ಹೊಸದನ್ನು ಕೂರಿಸಿದರೆ ಸಾಕು. ಚೌಕಟ್ಟು ಸೀಳಿದ್ದರೆ ಸ್ಕ್ರೂ ಬಿಚ್ಚಿ, ಹಳೆಯ ಅಂಟನ್ನು ಪ್ಲಾಸ್ಟಿಕ್ ಕೆರೆಗತ್ತಿಯಿಂದ ಪೂರ್ತಿ ತೆಗೆದು ಒರೆಸಿ, ಅಂಚಿನಡಿ ಬ್ಯುಟೈಲ್ ಟೇಪು ಇಟ್ಟು, ಎದುರುಬದುರಿನ ಸ್ಕ್ರೂಗಳನ್ನು ಸರದಿಯಲ್ಲಿ ಬಿಗಿದು, ಸ್ಕ್ರೂ ತಲೆ ಮತ್ತು ಅಂಚಿನ ಮೇಲೆ ಛಾವಣಿಗೆ ಹೊಂದುವ ಸೀಲೆಂಟ್ ಹರಿಸಬೇಕು. ಸಿಲಿಕೋನ್ ಬಳಸಿದರೆ ಮುಂದೆ ಬೇರೆ ಅಂಟು ಅದರ ಮೇಲೆ ಹಿಡಿಯುವುದಿಲ್ಲ. ಓಡುವ ವಾಹನದ ಅಲುಗಾಟ ಇಲ್ಲಿ ಮಣ್ಣಿನ ಉಬ್ಬು–ಕುಗ್ಗಿನ ಜಾಗದಲ್ಲಿದೆ, ಆದ್ದರಿಂದ ಸಂದಿನ ವಸ್ತು ಮೆತ್ತಗೆ ಉಳಿಯುವಂಥದ್ದೇ ಆಗಬೇಕು. ದಾರಿಯಲ್ಲಿ ಒಡೆದರೆ ತಾಡಪತ್ರಿ ಬಿಗಿದು ಊರು ಸೇರುವುದು ತಾತ್ಕಾಲಿಕ ಪರಿಹಾರ.

ಇಂದಿನ ಸ್ಥಿತಿ

ತುಂಗಭದ್ರಾ ಅಣೆಕಟ್ಟಿನ ನೀರು ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಅಚ್ಚುಕಟ್ಟಿನಲ್ಲಿ ಹುಟ್ಟಿದ ಕ್ಯಾಂಪುಗಳು, ಎಂದರೆ ವಲಸೆ ಬಂದವರ ಹೊಸ ಊರುಗಳು, ಮಾಳಿಗೆಯ ಪರಂಪರೆಯ ಹೊರಗೆ ಬೆಳೆದವು. ಕೈಯಲ್ಲಿ ಹಣ ಓಡಾಡಿದಂತೆ ಹಳೆಯ ಊರುಗಳಲ್ಲೂ ಕಾಂಕ್ರೀಟ್ ಮನೆಗಳು ಎದ್ದವು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಅತಿವೃಷ್ಟಿಯಲ್ಲಿ ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಅಪಾರ ಸಂಖ್ಯೆಯ ಮಣ್ಣಿನ ಮನೆಗಳು ಬಿದ್ದವು. ಸಂತ್ರಸ್ತರಿಗೆ ಸರ್ಕಾರ ಆಸರೆ ಯೋಜನೆಯಲ್ಲಿ ಮನೆ ಕಟ್ಟಿಸಿತು. ಗೋಡೆಯ ಕಿಟಕಿ, ವಿದ್ಯುತ್ ದೀಪ, ಫ್ಯಾನು ಬಂದು ಬೆಳಕಿಂಡಿಯ ಎರಡು ಕೆಲಸಗಳನ್ನು ಹಂಚಿಕೊಂಡವು. 2016ರ ಉಜ್ವಲಾ ಯೋಜನೆಯ ನಂತರ ಅಡುಗೆ ಅನಿಲ ಹರಡಿ ಮೂರನೆಯದೂ ಹಗುರವಾಯಿತು. ಮಾಳಿಗೆ ಕೆಲಸ ಬಲ್ಲವರು ಕಡಿಮೆಯಾಗಿರುವುದರಿಂದ ಉಳಿದ ಬೆಳಕಿಂಡಿಗಳನ್ನು ದುರಸ್ತಿ ಮಾಡುವ ಬದಲು ಪರ್ಸಿ ಹೊದಿಸಿ, ಮಣ್ಣು ಮುಚ್ಚಿ ಶಾಶ್ವತವಾಗಿ ಕಟ್ಟಿಬಿಡುವುದೂ ಉಂಟು. ಹಾಗೆ ಮಾಡಿದಲ್ಲಿ ಕೊರಳಿನ ಖಾಲಿ ಜಾಗದ ಮೇಲಿನ ಮಣ್ಣು ಕುಸಿಯದಂತೆ ಪರ್ಸಿಯ ನಾಲ್ಕೂ ಅಂಚು ಚೌಕಟ್ಟಿನ ಮರದ ಮೇಲೆ ಊರಿದೆಯೇ ಎಂದು ನೋಡುವುದು ಅಗತ್ಯ. ಸ್ನಾನಕ್ಕೆ ನೀರು ಕಾಯಿಸಲು, ಜೋಳದ ರೊಟ್ಟಿ ಸುಡಲು ಕಟ್ಟಿಗೆ ಒಲೆಯನ್ನೇ ಹೂಡುವ ಮನೆಗಳಲ್ಲಿ ಅಡುಗೆ ಮನೆಯ ಕಿಂಡಿ ಮಾತ್ರ ಬಳಕೆಯಲ್ಲಿದ್ದು, ಅದರ ಕಟ್ಟೆಗೆ ಬೇಸಿಗೆಯ ಕೊನೆಯಲ್ಲಿ ಮಣ್ಣು ಮೆತ್ತುವ ಕೆಲಸ ತಪ್ಪಿಲ್ಲ.